ಸಕ್ಕರೆ ಬೇಡ, ಸರಿ. ಕುದಿಸಿದ ಜೇನುತುಪ್ಪ?

ಪ್ರಶ್ನೆ: ಮಗುವಿಗೆ ಎಂಟು ತಿಂಗಳು. ಸಕ್ಕರೆ ಹಾಕದೆ ಮನೆಯಲ್ಲೇ ಆಪಲ್ ಸಾಸ್ ಮಾಡಿದೆ. ಬಾಯಿಗಿಟ್ಟರೆ ಹುಳಿ ಹುಳಿ. ಚಿಕ್ಕ ಮಕ್ಕಳಿಗೆ ಹಸಿ ಜೇನುತುಪ್ಪ ಕೊಡಬಾರದು ಅಂತ ಗೊತ್ತು. ಆದರೆ ಸೇಬು ಬೇಯುವಾಗಲೇ ಒಂದು ಚಮಚ ಹಾಕಿ ಚೆನ್ನಾಗಿ ಕುದಿಸಿಬಿಟ್ಟರೆ ತೊಂದರೆ ಇಲ್ಲ ಅಲ್ವಾ?

ಉತ್ತರ: ತೊಂದರೆ ಇದೆ. ಹಾಕಬೇಡಿ.

ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ. ಕಾಲು ಚಮಚ ಹಾಕಿದರೆ? ಒಲೆಯ ಮೇಲಲ್ಲ, ಓವನ್‌ನಲ್ಲಿ ಬೇಯಿಸಿದರೆ? ಅಪ್ಪಟ ಜೇನಾದರೆ? ‘ಒಂದು ವರ್ಷ ತುಂಬುವ ತನಕ ಜೇನು ಬೇಡ’ ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸುತ್ತೇನೆ. ಅದರ ಬೆನ್ನಿಗೇ ‘ಸರಿ, ಹಸಿಯದು ಬೇಡ, ಬೇಯಿಸಿದ್ದು ಆಗಬಹುದಲ್ಲ’ ಎಂದು ಇನ್ನೊಬ್ಬರು ಕೇಳುತ್ತಾರೆ. ಕಾರಣ ಹೇಳದೆ ಬರೀ ಬೇಡ ಅಂದರೆ ಹೀಗೇ ಆಗುವುದು. ಆದ್ದರಿಂದ ಈ ಸಲ ಕಾರಣ ಸಮೇತ, ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಜೇನುತುಪ್ಪದ ವಿಷಯದಲ್ಲಿ ನಾವು ಹೆದರುವುದು ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾಕ್ಕೆ. ಇದಕ್ಕೆ ಸಂಬಂಧಿಸಿದಂತೆ ಮೂರು ಬೇರೆ ಬೇರೆ ವಸ್ತುಗಳಿವೆ, ಅವನ್ನು ಒಂದರೊಳಗೊಂದು ಕಲಸಿಕೊಂಡಿರುವುದೇ ಈ ಎಲ್ಲ ಗೊಂದಲದ ಮೂಲ. ಒಂದು, ಜೀವಂತ ಬ್ಯಾಕ್ಟೀರಿಯಾ. ಮಾಮೂಲಿ ಅಡುಗೆಯ ಬಿಸಿಗೇ ಅದು ಸಾಯುತ್ತದೆ. ಎರಡು, ಅದು ತಯಾರಿಸುವ ವಿಷ. ನರಗಳನ್ನು ಹಿಡಿದು ಸ್ನಾಯುಗಳನ್ನು ಸಡಿಲಗೊಳಿಸುವ ಭಯಂಕರ ವಿಷ ಅದು (ಅದರಿಂದ ಬರುವ ಕಾಯಿಲೆಯೇ ಬೊಟುಲಿಸಂ), ಆದರೆ ಬಿಸಿಗೆ ಬಲು ಮೆದು. 85 ಡಿಗ್ರಿ ಸೆಲ್ಸಿಯಸ್‌ನಲ್ಲಿ ಐದು ನಿಮಿಷ ಇಟ್ಟರೆ ನಾಶವಾಗುತ್ತದೆ. ಮೂರನೆಯದು ಬೀಜಕ. ಬೇಸಿಗೆಯಿಡೀ ಒಣಮಣ್ಣಿನಲ್ಲಿ ಬಿದ್ದಿದ್ದು ಮಳೆ ಬಿದ್ದೊಡನೆ ಮೊಳೆಯುವ ಬೀಜದಂತೆ, ಪರಿಸ್ಥಿತಿ ಅನುಕೂಲವಾಗುವವರೆಗೆ ಗಟ್ಟಿ ಕವಚದೊಳಗೆ ಸುಮ್ಮನೆ ಕೂತಿರುವ ರೂಪ ಇದು. ಜೇನಿನಲ್ಲಿ ಇರಬಹುದಾದದ್ದು ಈ ಬೀಜಕ. ಬೀಜಕಕ್ಕೆ 100 ಡಿಗ್ರಿ ದೊಡ್ಡ ವಿಷಯವೇ ಅಲ್ಲ. ಗಂಟೆಗಟ್ಟಲೆ ಕುದಿಸಿದರೂ ಕೆಲವು ಬದುಕಿ ಉಳಿಯಬಲ್ಲವು. ಅವನ್ನು ಖಚಿತವಾಗಿ ಕೊಲ್ಲಬೇಕಾದರೆ ಒತ್ತಡದಲ್ಲಿ 121 ಡಿಗ್ರಿ ಬೇಕು. ಕಾರ್ಖಾನೆಗಳಲ್ಲಿ ಡಬ್ಬಿಯ ಆಹಾರವನ್ನು ಅಷ್ಟು ಬಿಸಿ ಮಾಡುವುದು ಇದೇ ಕಾರಣಕ್ಕೆ. ನಿಮ್ಮ ಪಾತ್ರೆಯಲ್ಲಿ ಸೇಬು ಎಷ್ಟೇ ಕೊತಕೊತ ಕುದಿದರೂ ನೂರರ ಆಸುಪಾಸಿನಲ್ಲೇ ನಿಲ್ಲುತ್ತದೆ.

ಹಾಗಾದರೆ ‘ಕುದಿಸಿದರೆ ಬೊಟುಲಿಸಂ ಭಯವಿಲ್ಲ’ ಎಂಬ ಮಾತು ಎಲ್ಲಿಂದ ಹುಟ್ಟಿತು? ಒಂದು ಅರ್ಧಸತ್ಯದಿಂದ. ಮನೆಯಲ್ಲಿ ಬಾಟಲಿಗೆ ತುಂಬಿಟ್ಟ ತರಕಾರಿಯನ್ನು ತಿನ್ನುವ ಮುಂಚೆ ಹತ್ತು ನಿಮಿಷ ಕುದಿಸಿ ಎಂಬ ಹಳೆಯ ಸಲಹೆಯೊಂದಿದೆ. ಅದು ಬಾಟಲಿಯೊಳಗೆ ಆಗಲೇ ತಯಾರಾಗಿರಬಹುದಾದ ವಿಷವನ್ನು ಒಡೆಯುವುದಕ್ಕೆ. ದೊಡ್ಡವರಿಗೆ ಆಹಾರದಿಂದ ಬರುವ ಬೊಟುಲಿಸಂ ಸಾಮಾನ್ಯವಾಗಿ ಹಾಗೇ, ವಿಷ ತಟ್ಟೆಯಲ್ಲೇ ಇರುತ್ತದೆ. ಶಿಶುವಿನ ಕಥೆ ಬೇರೆ. ಅಲ್ಲಿ ತಟ್ಟೆಯಲ್ಲಿ ವಿಷವೇ ಇರುವುದಿಲ್ಲ. ಬೀಜಕ ಹೊಟ್ಟೆಗೆ ಹೋಗಿ, ಕರುಳಿನಲ್ಲಿ ಮೊಳೆತು, ಅಲ್ಲೇ ಬೆಳೆದು, ಅಲ್ಲೇ ವಿಷ ತಯಾರಿಸುತ್ತದೆ. ದೊಡ್ಡವರ ಕರುಳಿನಲ್ಲಿ ಬೇರೂರಿದ ಕೋಟ್ಯನುಕೋಟಿ ಸೂಕ್ಷ್ಮಜೀವಿಗಳು ಅದಕ್ಕೆ ಜಾಗ ಕೊಡುವುದಿಲ್ಲ. ಶಿಶುವಿನ ಕರುಳಿನಲ್ಲಿ ಆ ಕಾವಲು ಇನ್ನೂ ಸಿದ್ಧವಾಗಿರುವುದಿಲ್ಲ. ಈ ಕಾಯಿಲೆಯನ್ನು ಪ್ರತ್ಯೇಕವಾಗಿ ಗುರುತಿಸಿದ್ದೇ 1976ರಲ್ಲಿ. ಜೇನಿನ ನಂಟು ಸ್ಪಷ್ಟವಾದದ್ದು ಅದರ ಬೆನ್ನಿಗೆ ನಡೆದ ಅಧ್ಯಯನಗಳಿಂದ. ಅದಕ್ಕೇ ಹಳಬರಿಗೆ ಇದು ಗೊತ್ತಿರಲಿಲ್ಲ, ಅವರನ್ನು ದೂರಿ ಫಲವಿಲ್ಲ.

ಇಷ್ಟು ಹೇಳಿದ ಮೇಲೂ ಬರುವ ವಾದಗಳು ನನಗೆ ಬಾಯಿಪಾಠವಾಗಿವೆ.

‘ಸೇಬು ಹುಳಿ, ಹುಳಿಯಲ್ಲಿ ಬೊಟುಲಿನಂ ಬೆಳೆಯಲ್ಲ ಅಂತ ನೀವೇ ಬರೆದಿದ್ದಿರಿ.’ ಬರೆದಿದ್ದೆ, ನಿಜವೂ ಹೌದು. ಹುಳಿಯನ್ನು ಅಳೆಯುವ ಪಿಎಚ್ (ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.6ಕ್ಕಿಂತ ಕೆಳಗಿದ್ದರೆ ಈ ಬೀಜಕ ಮೊಳೆಯುವುದಿಲ್ಲ, ಸೇಬಿನದು ಸುಮಾರು 3.3ರಿಂದ 4. ಆದರೆ ಮೊಳೆಯದೆ ಇರುವುದು ಬೇರೆ, ಸಾಯುವುದು ಬೇರೆ. ಸಾಸಿನಲ್ಲಿ ಅದು ಹಾಗೇ ಕಾಯುತ್ತ ಕೂತಿರುತ್ತದೆ. ಮಗುವಿನ ಕರುಳಿಗೆ ಇಳಿದ ಮೇಲೆ ಆ ಹುಳಿ ಎಲ್ಲಿರುತ್ತದೆ? ಹುಳಿ ಕಾಯುವುದು ಬಾಟಲಿಯನ್ನು, ಮಗುವನ್ನಲ್ಲ.

‘ಜೇನುತುಪ್ಪ ವರ್ಷಾನುಗಟ್ಟಲೆ ಕೆಡುವುದೇ ಇಲ್ಲ, ಅದರಲ್ಲಿ ಸೂಕ್ಷ್ಮಜೀವಿ ಎಲ್ಲಿಂದ ಬರಬೇಕು?’ ಕೆಡದಿರುವುದು ಅದರಲ್ಲಿ ನೀರಿನಂಶ ತೀರ ಕಡಿಮೆ ಇರುವುದರಿಂದ. ಅಲ್ಲೂ ಬೀಜಕ ಬೆಳೆಯುವುದಿಲ್ಲ, ಉಳಿಯುತ್ತದೆ. ಅದೇ ಉತ್ತರ.

‘ಸೋಸಿದ್ದು, ಪಾಶ್ಚರೀಕರಿಸಿದ್ದು ತರುತ್ತೇವೆ.’ ಬೀಜಕ ಬಟ್ಟೆಯಲ್ಲಿ ಸಿಕ್ಕಿಕೊಳ್ಳುವ ಗಾತ್ರದ್ದಲ್ಲ. ಇನ್ನು ಪಾಶ್ಚರೀಕರಣದಲ್ಲಿ ಜೇನನ್ನು ಕುದಿಯುವ ಮಟ್ಟಕ್ಕೂ ಒಯ್ಯುವುದಿಲ್ಲ. ಅದು ಯೀಸ್ಟ್ ಕೊಲ್ಲುವುದಕ್ಕೆ, ಹರಳುಗಟ್ಟುವುದನ್ನು ತಡಮಾಡುವುದಕ್ಕೆ.

‘ಹಾಗಿದ್ದರೆ ಕುಕ್ಕರ್‌ನಲ್ಲಿ?’ ಇದನ್ನು ಕೇಳುವವರ ಬುದ್ಧಿಗೆ ಮೆಚ್ಚುತ್ತೇನೆ, ಒತ್ತಡದ ಮಾತು ಅವರಿಗೆ ಅರ್ಥವಾಗಿದೆ. ಆದರೆ ಎಷ್ಟು ಸೀಟಿಗೆ ಪಾತ್ರೆಯ ನಟ್ಟನಡುವಿನ ಗಟ್ಟಿ ಸಾಸು ಎಷ್ಟು ಡಿಗ್ರಿ ಮುಟ್ಟಿತು, ಎಷ್ಟು ಹೊತ್ತು ಅಲ್ಲೇ ನಿಂತಿತು ಎಂದು ಅಳೆದವರು ಯಾರು? ಅಷ್ಟೆಲ್ಲ ಸಾಹಸ ಮಾಡಿ ಗಳಿಸುವುದೇನು? ಮಗುವಿಗೆ ಬೇಕೇ ಇಲ್ಲದ ಒಂದು ಚಮಚ ಸಿಹಿ.

‘ನಮ್ಮ ಮಕ್ಕಳೆಲ್ಲ ತಿಂದರು, ಏನೂ ಆಗಲಿಲ್ಲ.’ ಆಗಿರಲಿಕ್ಕಿಲ್ಲ. ಎಲ್ಲ ಜೇನಿನಲ್ಲೂ ಬೀಜಕ ಇರುವುದಿಲ್ಲ, ಇದ್ದದ್ದೆಲ್ಲ ಮೊಳೆಯುವುದೂ ಇಲ್ಲ. ಕಾಯಿಲೆ ಅಪರೂಪದ್ದೇ. ಶಿಶು ಬೊಟುಲಿಸಂ ಪ್ರಕರಣಗಳಲ್ಲಿ ಹೆಚ್ಚಿನವಕ್ಕೆ ಜೇನು ಕಾರಣವೂ ಅಲ್ಲ. ಮಣ್ಣಿನಲ್ಲಿ, ಧೂಳಿನಲ್ಲಿ ಕೂಡ ಬೀಜಕಗಳಿವೆ, ಅವನ್ನು ತಡೆಯಲು ಯಾರಿಂದಲೂ ಆಗದು. ಜೇನನ್ನು ತಡೆಯುವುದಕ್ಕೆ ಮಾತ್ರ ಚಮಚ ಕೆಳಗಿಟ್ಟರೆ ಸಾಕು.

ಆಗಲೇ ಕೊಟ್ಟುಬಿಟ್ಟಿದ್ದರೆ ಗಾಬರಿ ಬೀಳಬೇಡಿ. ಮತ್ತೆ ಕೊಡಬೇಡಿ, ವೈದ್ಯರಿಗೆ ತಿಳಿಸಿ, ಮಗುವಿನ ಮೇಲೆ ಕಣ್ಣಿಡಿ. ಲಕ್ಷಣಗಳು ಕೆಲ ದಿನಗಳಲ್ಲೂ ಕಾಣಿಸಬಹುದು, ಕೆಲ ವಾರಗಳ ನಂತರವೂ ಕಾಣಿಸಬಹುದು. ಮೊದಲು ಬರುವುದು ಹೆಚ್ಚಾಗಿ ಮಲಬದ್ಧತೆ. ಆಮೇಲೆ ಅಳು ಕ್ಷೀಣವಾಗುವುದು, ಹಾಲು ಚೀಪಲು ಶಕ್ತಿ ಇಲ್ಲದಾಗುವುದು, ರೆಪ್ಪೆ ಜೋತುಬೀಳುವುದು, ಕತ್ತು ನಿಲ್ಲದಿರುವುದು. ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ಇದಕ್ಕೆ ಚಿಕಿತ್ಸೆ ಇದೆ, ಸಕಾಲಕ್ಕೆ ಸಿಕ್ಕರೆ ಬಹುತೇಕ ಮಕ್ಕಳು ಪೂರ್ತಿ ಚೇತರಿಸಿಕೊಳ್ಳುತ್ತಾರೆ.

ವರ್ಷ ತುಂಬಿದ ಮೇಲೆ ಈ ಭಯ ಹೋಗುತ್ತದೆ, ಸಕ್ಕರೆಯ ಲೆಕ್ಕ ಹೋಗುವುದಿಲ್ಲ. ಜೇನುತುಪ್ಪದಲ್ಲಿ ನೂರಕ್ಕೆ ಸುಮಾರು 80 ಪಾಲು ಸಕ್ಕರೆಯೇ. ವಿಶ್ವ ಆರೋಗ್ಯ ಸಂಸ್ಥೆ ಜೇನು, ಸಿರಪ್, ಹಣ್ಣಿನ ಜ್ಯೂಸ್ ಎಲ್ಲವನ್ನೂ ಬಿಳಿ ಸಕ್ಕರೆಯ ಪಂಕ್ತಿಯಲ್ಲೇ ಕೂರಿಸುತ್ತದೆ. 6ರಿಂದ 23 ತಿಂಗಳ ಮಕ್ಕಳ ಆಹಾರದ ಬಗ್ಗೆ ಅದು 2023ರಲ್ಲಿ ಹೊರಡಿಸಿದ ಮಾರ್ಗಸೂಚಿ ಸಕ್ಕರೆ ಹೆಚ್ಚಿರುವ ಆಹಾರ ಬೇಡ ಎನ್ನುತ್ತದೆ, ಸಕ್ಕರೆಯ ಬದಲಿಗೆ ಬಳಸುವ ಕೃತಕ ಸಿಹಿಯೂ ಬೇಡ ಎನ್ನುತ್ತದೆ. ಆ ದಾರಿಯೂ ಮುಚ್ಚಿತು, ಕೇಳಬೇಡಿ.

ಈಗ ನಿಮ್ಮ ನಿಜವಾದ ಸಮಸ್ಯೆಗೆ ಬರೋಣ: ಸಾಸು ಹುಳಿ. ಹುಳಿ ಅಂದದ್ದು ಯಾರು, ಮಗುವೋ ನೀವೋ? ಪ್ರಶ್ನೆ ಓದಿದರೆ ಬಾಯಿಗಿಟ್ಟು ನೋಡಿದ್ದು ನೀವೇ ಅನ್ನಿಸುತ್ತದೆ. ಸಕ್ಕರೆ ಹಾಕಿದ ಕಾಫಿ ಟೀ ಕುಡಿದು ಪಳಗಿದ ನಾಲಿಗೆ ನಮ್ಮದು. ಮೊದಲ ಚಮಚಕ್ಕೆ ಮಗು ಮುಖ ಕಿವಿಚಿದರೆ ಅದು ತಿರಸ್ಕಾರವೇ ಆಗಬೇಕಿಲ್ಲ, ಆಶ್ಚರ್ಯವೂ ಇರಬಹುದು. ಹೊಸ ರುಚಿಯನ್ನು ಎಂಟು ಹತ್ತು ಸಲ ಕೊಟ್ಟ ಮೇಲೆ ಒಪ್ಪಿಕೊಳ್ಳುವ ಮಕ್ಕಳೇ ಹೆಚ್ಚು.

ಆದರೂ ಸಾಸನ್ನು ಇನ್ನಷ್ಟು ಸಿಹಿ ಮಾಡುವ ದಾರಿಗಳಿವೆ. ನೂರು ಗ್ರಾಂ ಸೇಬಿನಲ್ಲಿ ಸುಮಾರು ಹತ್ತು ಗ್ರಾಂ ಸಕ್ಕರೆ ಅದರದ್ದೇ ಇರುತ್ತದೆ. ಅದನ್ನು ತೆಳು ಮಾಡದಿದ್ದರೆ ಅರ್ಧ ಗೆದ್ದಂತೆ. ಹೆಚ್ಚಿನವರು ಒಂದು ಲೋಟ ನೀರು ಸುರಿದು, ಬೇಯಿಸಿ, ಮಿಕ್ಕ ನೀರನ್ನು ಬಸಿದು ಚೆಲ್ಲುತ್ತಾರೆ. ಸಿಹಿ ಹೋಗುವುದು ಆ ನೀರಿನ ಜೊತೆಗೇ. ಒಂದು ಕಿಲೋ ಸೇಬಿಗೆ ಮೂರ್ನಾಲ್ಕು ದೊಡ್ಡ ಚಮಚ ನೀರು, ತಳ ಹಿಡಿಯದಂತೆ, ಅಷ್ಟೇ. ಹಣ್ಣಿನಲ್ಲೇ ನೂರಕ್ಕೆ 85 ಪಾಲು ನೀರಿದೆ. ಬೀಜದ ಗೂಡು ತೆಗೆದು, ಹೋಳು ಮಾಡಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ. ಹೋಳು ಚಮಚಕ್ಕೆ ಕುಸಿಯುವಂತಾದ ಮೇಲೆ ಮುಚ್ಚಳ ತೆಗೆದು ಸ್ವಲ್ಪ ಹೊತ್ತು ಹಾಗೇ ಬಿಟ್ಟರೆ ಇನ್ನೂ ಗಟ್ಟಿಯಾಗುತ್ತದೆ, ಸಿಹಿಯಾಗುತ್ತದೆ. ಸಿಪ್ಪೆ ಸಮೇತ ಬೇಯಿಸಿ ಜರಡಿಯಲ್ಲಿ ತಿಕ್ಕಿದರೂ ಸರಿ, ಕೆಂಪು ಸಿಪ್ಪೆಯಾದರೆ ಬಣ್ಣ ಚೆನ್ನಾಗಿ ಬರುತ್ತದೆ. ಕೊಡುವಾಗ ಫ್ರಿಜ್‌ನ ತಣ್ಣಗಿನದು ಬೇಡ. ಉಗುರುಬೆಚ್ಚಗಿದ್ದಾಗ ಅದೇ ಸಾಸು ನಾಲಿಗೆಗೆ ಹೆಚ್ಚು ಸಿಹಿ.

ಕಪ್ಪಾಗದಿರಲಿ ಎಂದು ನಿಂಬೆರಸ ಹಿಂಡಿ ಆಮೇಲೆ ಹುಳಿ ಎಂದು ದೂರುವವರೂ ಇದ್ದಾರೆ! ಹಿಂಡಬೇಡಿ. ಹೆಚ್ಚಿದ ಸೇಬು ಕಂದಾಗುವುದು ಒಂದು ಕಿಣ್ವದ ಕೆಲಸ, ಬಿಸಿ ತಾಗಿದೊಡನೆ ಅದು ನಿಂತುಹೋಗುತ್ತದೆ. ಹೆಚ್ಚಿದ ತಕ್ಷಣ ಪಾತ್ರೆಗೆ ಹಾಕಿ. ಸ್ವಲ್ಪ ಕಂದಾದರೂ ಅದು ಕೆಟ್ಟದ್ದಲ್ಲ. ಹಾಗೆಯೇ ಸಕ್ಕರೆ ಹಾಕಿಲ್ಲ ಎಂದು ಬೇಗ ಹಾಳಾಗುವುದೂ ಇಲ್ಲ, ಆಪಲ್ ಸಾಸಿಗೆ ಹಾಕುವ ಒಂದೆರಡು ಚಮಚ ಸಕ್ಕರೆ ಬರೀ ರುಚಿಗೆ. ಮಗುವಿನದನ್ನು ಫ್ರಿಜ್‌ನಲ್ಲಿ ಎರಡು ದಿನ, ಫ್ರೀಜರ್‌ನಲ್ಲಿ ಒಂದೆರಡು ತಿಂಗಳು ಇಡಬಹುದು. ಎಂಜಲು ಚಮಚ ಅದ್ದಿದ ಬಟ್ಟಲಿನದನ್ನು ಮಾತ್ರ ಎತ್ತಿಡಬೇಡಿ.

ಇನ್ನು ಯಾವ ಸೇಬು. ಫುಜಿ, ಗಾಲಾ, ಗೋಲ್ಡನ್ ಡೆಲಿಷಿಯಸ್ ಸಿಹಿ ಜಾತಿಯವು. ಹಸಿರು ಗ್ರ್ಯಾನಿ ಸ್ಮಿತ್ ಹುಳಿ. ನೀವು ಬಳಸಿದ್ದು ಇದೇ ಇರಬೇಕು ಎಂದು ನನ್ನ ಅನುಮಾನ. ರೆಡ್ ಡೆಲಿಷಿಯಸ್ ನೋಡಲು ಚೆಂದ, ಬೇಯಿಸಿದರೆ ಸಪ್ಪೆ.

ಜಾತಿಯಷ್ಟೇ ಮುಖ್ಯವಾದದ್ದು ಹಣ್ಣಿನ ವಯಸ್ಸು. ಇದನ್ನು ಯಾರೂ ಕೇಳುವುದಿಲ್ಲ, ಕೇಳಲಿ ಎಂದು ನಾನು ಕಾಯುತ್ತಿರುತ್ತೇನೆ. ಎಳೆಯ ಸೇಬಿನಲ್ಲಿ ಪಿಷ್ಟ ತುಂಬಿರುತ್ತದೆ. ಮಾಗುತ್ತ ಮಾಗುತ್ತ ಪಿಷ್ಟ ಸಕ್ಕರೆಯಾಗುತ್ತದೆ. ಕಿತ್ತ ಮೇಲೂ ಈ ಕೆಲಸ ಮುಂದುವರಿಯುತ್ತದೆ. ಇನ್ನೊಂದು ಕಡೆ, ಹುಳಿಗೆ ಕಾರಣವಾದ ಮ್ಯಾಲಿಕ್ ಆಮ್ಲವನ್ನು ಹಣ್ಣು ತನ್ನ ಉಸಿರಾಟಕ್ಕೆ ಖರ್ಚು ಮಾಡುತ್ತ ಹೋಗುತ್ತದೆ. ಅಂದರೆ ಹುಳಿ ಸೇಬು ಸಿಕ್ಕಿದರೆ ಅದನ್ನು ಕೆಲವು ದಿನ ಫ್ರಿಜ್‌ನ ಹೊರಗೆ ಬಿಟ್ಟರೆ ಸಾಕು, ನೀವು ಜೇನಿನಿಂದ ಮಾಡಿಸಬೇಕೆಂದಿದ್ದ ಕೆಲಸವನ್ನು ಹಣ್ಣೇ ಮಾಡಿಕೊಳ್ಳುತ್ತದೆ. ಕಚ್ಚಿದರೆ ಕರುಂ ಎನ್ನದ, ತುಸು ಮೆತ್ತಗಾದ ಸೇಬನ್ನು ಮನೆಯಲ್ಲಿ ಯಾರೂ ಮುಟ್ಟುವುದಿಲ್ಲವಲ್ಲ, ಸಾಸಿಗೆ ಅದೇ ಉತ್ತಮ. ಕೊಳೆತದ್ದಲ್ಲ, ಮೆತ್ತಗಾದದ್ದು.

ಸೇಬು ಬೆಳೆಯುವವರು ಇದನ್ನು ಕಣ್ಣಾರೆ ನೋಡಿಯೇ ಕೊಯ್ಲಿನ ದಿನ ಗೊತ್ತು ಮಾಡುವುದು. ಹಣ್ಣನ್ನು ಅಡ್ಡಕ್ಕೆ ಕತ್ತರಿಸಿ ಅಯೋಡಿನ್ ದ್ರಾವಣ ಹಚ್ಚುತ್ತಾರೆ. ಪಿಷ್ಟ ಇದ್ದಲ್ಲೆಲ್ಲ ಕಡುನೀಲಿ, ಬಹುತೇಕ ಕಪ್ಪು. ಸಕ್ಕರೆಯಾದಲ್ಲಿ ಬಿಳಿ ಬಿಳಿಯಾಗಿಯೇ ಉಳಿಯುತ್ತದೆ. ಬಿಳುಪು ಬೀಜದ ಗೂಡಿನಿಂದ ಶುರುವಾಗಿ ಸಿಪ್ಪೆಯ ಕಡೆ ಹರಡುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಚಾರ್ಟ್‌ನಲ್ಲಿ ಇದಕ್ಕೆ 1ರಿಂದ 8ರವರೆಗೆ ಅಂಕಗಳಿವೆ. 1 ಅಂದರೆ ಇಡೀ ಹೋಳು ಕಪ್ಪು, 8 ಅಂದರೆ ಪಿಷ್ಟವೇ ಇಲ್ಲ. ಮನೆಯಲ್ಲಿ ಅಯೋಡಿನ್ ಇದ್ದರೆ ಒಂದು ಸೇಬನ್ನು ಬಲಿಕೊಟ್ಟು ನೋಡಿ, ದೊಡ್ಡ ಮಕ್ಕಳಿಗೂ ತೋರಿಸಿ. ಆ ಹೋಳು ಮಾತ್ರ ಕಸದ ಬುಟ್ಟಿಗೆ ಹೋಗಬೇಕು, ಸಾಸಿಗಲ್ಲ. ಇದನ್ನೂ ಕುದಿಸಿದರೆ ಆಗುತ್ತದಾ ಎಂದು ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ: ಆಗುವುದಿಲ್ಲ.