ಫಿಟ್ಸ್ ಬಂದು ಎಷ್ಟು ಹೊತ್ತಾಯಿತು?

ತಲೆಗೆ ಬಿಸಿನೀರು ಹಾಕಿಕೊಂಡರೆ ಫಿಟ್ಸ್ ಬರುತ್ತದೆ ಎಂದರೆ ಮೈಸೂರು, ಮಂಡ್ಯ ಸೀಮೆಯಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ನೆಂಟರಲ್ಲೋ ಕೇರಿಯಲ್ಲೋ ಅಂಥವರೊಬ್ಬರನ್ನು ಕಂಡಿರುತ್ತಾರೆ. ಹಂಡೆಯಿಂದ ಚೊಂಬಿನ ಮೇಲೆ ಚೊಂಬು ಮೊಗೆದು ನೆತ್ತಿಗೆ ಸುರಿದುಕೊಳ್ಳುವ ನಮ್ಮ ಸ್ನಾನದ ರೀತಿಗೂ ಈ ಕಾಯಿಲೆಗೂ ನಂಟಿದೆ. ವೈದ್ಯಕೀಯ ಪತ್ರಿಕೆಗಳಲ್ಲಿ ಇದರ ಮೊದಲ ವರದಿ ಬಂದದ್ದು 1945ರಲ್ಲಿ, ದೂರದ ನ್ಯೂಜಿಲೆಂಡಿನಿಂದ. ಆದರೆ ರೋಗಿಗಳು ದೊಡ್ಡ ಸಂಖ್ಯೆಯಲ್ಲಿ ಕಂಡದ್ದು ದಕ್ಷಿಣ ಭಾರತದಲ್ಲಿ, ಅದರಲ್ಲೂ ಹಳೇ ಮೈಸೂರಿನಲ್ಲಿ. ನರರೋಗ ತಜ್ಞ ಡಾ. ಕೆ.ಎಸ್. ಮಣಿ 1960ರ ದಶಕದಲ್ಲೇ ಇದರ ಬಗ್ಗೆ ಬರೆದರು. ಮುಂದೆ ಅವರ ತಂಡ ಯಳಂದೂರಿನಲ್ಲಿ ಮನೆಮನೆಗೆ ಹೋಗಿ ಮೂರ್ಛೆ ರೋಗಿಗಳನ್ನು ಹುಡುಕಿತು. ಯಳಂದೂರು ಆಗಿನ್ನೂ ಮೈಸೂರು ಜಿಲ್ಲೆಯಲ್ಲೇ ಇತ್ತು. ಚಾಮರಾಜನಗರ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ ಬಿಸಿನೀರಿನ ಮೂರ್ಛೆಯ 279 ರೋಗಿಗಳ ವಿವರ ಪ್ರಕಟಿಸಿದರು.

ಈ ಮೂರ್ಛೆಗೆ ಒಂದು ವಿಶೇಷವಿದೆ. ಅದು ಯಾವಾಗ ಬರಬಹುದು ಎಂಬುದು ಮನೆಯವರಿಗೆ ಗೊತ್ತು. ಉಳಿದ ಬಹುಪಾಲು ಮೂರ್ಛೆಗಳು ಹೇಳಿ ಕೇಳಿ ಬರುವುದಿಲ್ಲ. ಮಿದುಳಿನ ಯಾವ ಜಾಗದಿಂದ ಫಿಟ್ಸ್ ಹೊರಡುತ್ತದೆ ಎಂದು ರಕ್ತದ ಹರಿವಿನ ಮೂಲಕ ಪತ್ತೆಮಾಡುವ ಪ್ರಯತ್ನ ಒಂದೂಕಾಲು ಶತಮಾನದಿಂದ ಎಡವುತ್ತಾ ಬಂದಿರುವುದು ಇಲ್ಲೇ. ಎಂಥ ಯಂತ್ರ ಬಂದರೂ ಡಾಕ್ಟರು ಮೊದಲು ಕೇಳಬೇಕಾದದ್ದು ಗಡಿಯಾರವನ್ನು.

ಹತ್ತೊಂಬತ್ತನೆಯ ಶತಮಾನದ ವೈದ್ಯರಲ್ಲಿ ಹಲವರ ನಂಬಿಕೆ ಸರಳವಾಗಿತ್ತು: ಮಿದುಳಿನ ರಕ್ತನಾಳ ಬಿಗಿಯುತ್ತದೆ, ರಕ್ತ ಸಾಲದೆ ಮಿದುಳು ಒದ್ದಾಡುತ್ತದೆ, ಅದೇ ಫಿಟ್ಸ್. ನಂಬಿಕೆ ತಲೆಯಲ್ಲೇ ಉಳಿದಿದ್ದರೆ ಚಿಂತೆಯಿರಲಿಲ್ಲ, ಅದು ಕತ್ತಿಯ ತುದಿಗೂ ಬಂತು. ಲಿವರ್‌ಪೂಲಿನ ವಿಲಿಯಂ ಅಲೆಕ್ಸಾಂಡರ್ 1880ರ ದಶಕದಲ್ಲಿ ಮೂರ್ಛೆ ರೋಗಿಗಳ ಕುತ್ತಿಗೆಯಲ್ಲಿ ಮಿದುಳಿಗೆ ರಕ್ತ ಒಯ್ಯುವ ವರ್ಟಿಬ್ರಲ್ ಅಪಧಮನಿಗಳನ್ನು ಕಟ್ಟಿದರು, ಬಳಿಕ ಕುತ್ತಿಗೆಯ ನರಗಂಟುಗಳನ್ನು ಕತ್ತರಿಸಿ ತೆಗೆದರು. ಅದೇ ಹೊತ್ತಿಗೆ ಲಂಡನ್ನಿನಲ್ಲಿ ವಿಕ್ಟರ್ ಹಾರ್ಸ್ಲಿ ತಲೆಬುರುಡೆ ತೆರೆದು ಮೂರ್ಛೆಗೆ ಶಸ್ತ್ರಚಿಕಿತ್ಸೆ ಶುರುಮಾಡಿದ್ದರು. ಅವರ ಮೊದಲ ಹೆಸರಾಂತ ಆಪರೇಷನ್ 1886ರದ್ದು. ಅವರು ಕಂಡದ್ದು ನಂಬಿಕೆಗೆ ತದ್ವಿರುದ್ಧ. ಫಿಟ್ಸ್ ನಡೆಯುತ್ತಿರುವಾಗ ಮಿದುಳಿನ ಮೇಲ್ಮೈ ಬಿಳಿಚಿಕೊಳ್ಳುವ ಬದಲು ಕೆಂಪೇರುತ್ತದೆ ಎಂದು 1892ರಲ್ಲಿ ಬರೆದರು. ಮಿದುಳಿನ ಯಾವ ಭಾಗ ಹೆಚ್ಚು ದುಡಿಯುತ್ತದೋ ಆ ಭಾಗಕ್ಕೆ ಹೆಚ್ಚು ರಕ್ತ ಹರಿಯುತ್ತದೆ ಎಂಬ ಮಾತನ್ನು ರಾಯ್ ಮತ್ತು ಶೆರಿಂಗ್ಟನ್ 1890ರಲ್ಲಿ ಮಂಡಿಸಿದ್ದರು. ಫಿಟ್ಸ್ ಎಂದರೆ ಲಕ್ಷಾಂತರ ನರಕೋಶಗಳು ಒಮ್ಮೆಗೇ ಮಿತಿಮೀರಿ ದುಡಿಯುವುದು. ರಕ್ತ ಅಲ್ಲಿಗೆ ನುಗ್ಗುವುದು ಸಹಜವೇ.

ಆದರೂ ನಾಳ ಬಿಗಿಯುವ ಸಿದ್ಧಾಂತ ಸುಲಭಕ್ಕೆ ಸಾಯಲಿಲ್ಲ. 1930ರ ದಶಕದಲ್ಲಿ ಮಾಂಟ್ರಿಯಲ್‌ನ ಮಿದುಳಿನ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಅದರ ಬೆನ್ನು ಹತ್ತಿ, ಫಿಟ್ಸ್ ಹೊರಡುವ ಜಾಗದಲ್ಲಿ ಆ ಹೊತ್ತಿಗೆ ರಕ್ತದ ಹರಿವು ಹೆಚ್ಚುತ್ತದೆ ಎಂದು ಅಳೆದು ತೋರಿಸಿದ ಮೇಲೆ ವಾದ ತಣ್ಣಗಾಯಿತು. ಹಳಬರು ಪೂರ್ತಿ ತಪ್ಪು ಎನ್ನಲು ಮಾತ್ರ ನನಗೆ ಮನಸ್ಸಿಲ್ಲ. ರಕ್ತ ಕಡಿಮೆಯಾಗುವುದು ನಿಜ; ಅವರು ಹೊತ್ತನ್ನು ಅದಲುಬದಲು ಮಾಡಿಕೊಂಡಿದ್ದರು, ಅಷ್ಟೆ. ಫಿಟ್ಸ್ ನಡೆಯುವಾಗ ಹರಿವು ಏರುತ್ತದೆ. ನಿಂತ ಮೇಲೆ ಅದೇ ಜಾಗದಲ್ಲಿ ಇಳಿಯುತ್ತದೆ. ಫಿಟ್ಸ್ ಇಲ್ಲದ ದಿನಗಳಲ್ಲೂ ಹಲವರಲ್ಲಿ ಆ ಜಾಗ ತುಸು ಬಡವಾಗಿಯೇ ಇರುತ್ತದೆ. ಒಂದೇ ರೋಗಿಯ ಒಂದೇ ಜಾಗ ಒಂದು ಚಿತ್ರದಲ್ಲಿ ಹೊಳೆಯಬಹುದು, ಇನ್ನೊಂದರಲ್ಲಿ ಮಂಕಾಗಿರಬಹುದು, ನಡುವಿನ ಹೊತ್ತಿನಲ್ಲಿ ಏನೂ ಆಗಿಲ್ಲವೆಂಬಂತೆ ಕಾಣಬಹುದು. ಹೊತ್ತು ಗೊತ್ತಿಲ್ಲದೆ ಓದಿದ ಚಿತ್ರ ಮೋಸಮಾಡುತ್ತದೆ.

ಈ ತೊಡಕಿಗೆ ಮೊದಲ ಜಾಣ ಉಪಾಯ ಬಂದದ್ದು 1980ರ ದಶಕದಲ್ಲಿ, ಸ್ಪೆಕ್ಟ್ ಸ್ಕ್ಯಾನ್ ಮೂಲಕ. ವಿಕಿರಣ ಸೂಸುವ ಟೆಕ್ನಿಷಿಯಂ ಬೆರೆತ ಔಷಧವನ್ನು ಫಿಟ್ಸ್ ನಡೆಯುತ್ತಿರುವಾಗಲೇ ರಕ್ತನಾಳಕ್ಕೆ ಚುಚ್ಚಿದರೆ, ಅದು ಒಂದೆರಡು ನಿಮಿಷದಲ್ಲಿ ರಕ್ತ ಹೆಚ್ಚು ಹರಿದ ಕಡೆ ಹೆಚ್ಚಾಗಿ ಅಂಟಿ ಕೂರುತ್ತದೆ. ಫೋಟೊವನ್ನು ಕೆಲವು ಗಂಟೆ ಬಿಟ್ಟು ತೆಗೆದರೂ ಕಾಣುವುದು ಚುಚ್ಚಿದ ಕ್ಷಣದ ಮಿದುಳೇ. ಉಪಾಯ ಒಳ್ಳೆಯದು, ಜಾರಿಗೆ ತರುವುದು ಕಷ್ಟ. ರೋಗಿಯನ್ನು ವಾರ್ಡಿನಲ್ಲಿ ಮಲಗಿಸಿ, ಮಿದುಳಿನ ವಿದ್ಯುತ್ ಅಲೆಗಳನ್ನೂ ರೋಗಿಯ ಚಲನೆಯನ್ನೂ ಒಟ್ಟಿಗೆ ದಾಖಲಿಸುವ ವಿಡಿಯೊ ಇಇಜಿ ಹಚ್ಚಿ, ಪಕ್ಕದಲ್ಲಿ ಸಿರಿಂಜ್ ಹಿಡಿದು ಒಬ್ಬರು ಕಾಯುತ್ತಾ ಕೂರಬೇಕು. ಔಷಧದ ವಿಕಿರಣ ಆರು ಗಂಟೆಗೆ ಅರ್ಧಕ್ಕಿಳಿಯುತ್ತದೆ. ಫಿಟ್ಸ್ ಬರದೆ ದಿನ ಮುಳುಗಿದರೆ ಅಂದಿನ ಡೋಸ್ ದಂಡ.

ಬಿಸಿನೀರಿನ ಮೂರ್ಛೆ ಇಲ್ಲಿ ಉಪಕಾರಕ್ಕೆ ಬಂತು. ಸ್ನಾನ ಮಾಡಿಸಿದರೆ ಫಿಟ್ಸ್ ಬರುವ ರೋಗಿಗೆ ಸಿರಿಂಜ್ ಹಿಡಿದು ದಿನಗಟ್ಟಲೆ ಕಾಯಬೇಕಿಲ್ಲವಲ್ಲ. ನಿಮ್ಹಾನ್ಸ್‌ನಲ್ಲಿ ಹೀಗೆ ತೆಗೆದ ಚಿತ್ರಗಳಲ್ಲಿ ಕಿವಿಯ ಪಕ್ಕಕ್ಕಿರುವ ಮಿದುಳಿನ ಭಾಗವಾದ ಟೆಂಪೊರಲ್ ಲೋಬಿನ ಒಳಮಗ್ಗುಲು ಮತ್ತು ಹೈಪೊಥಲಾಮಸ್ ಬೆಳಗಿದವು. ಮೈಯ ಬಿಸಿಯನ್ನು ಹತೋಟಿಯಲ್ಲಿಡುವುದೇ ಹೈಪೊಥಲಾಮಸ್‌ನ ಕೆಲಸಗಳಲ್ಲೊಂದು. ಬಚ್ಚಲುಮನೆಯಲ್ಲಿ ಬಿದ್ದವರಿಗೆ ಗಾಳಿ ಸೋಕಿದೆಯೆಂದು ಬೇವಿನಸೊಪ್ಪು ಹಿಡಿದವರಿಗೆ ಇದಕ್ಕಿಂತ ಗಟ್ಟಿ ಉತ್ತರ ಬೇಕಿಲ್ಲ.

ಎಂಆರ್‌ಐ ಈ ಕಥೆಗೆ ತಡವಾಗಿ ಬಂತು. ಪಾಲ್ ಲಾಟರ್ಬರ್ 1973ರಲ್ಲಿ ಮೊದಲ ಚಿತ್ರ ಪ್ರಕಟಿಸಿದಾಗ ಅದು ರಚನೆಯನ್ನು ತೋರಿಸುವ ಯಂತ್ರ. ಗಾಯದ ಕಲೆ, ಗಡ್ಡೆ, ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಸೊರಗಿರುವುದು, ಲಾಡಿಹುಳುವಿನ ಕೋಶ, ಇವನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಮೂರ್ಛೆ ರೋಗಿಗೆ ಇಂದಿಗೂ ಮೊದಲು ಬೇಕಾದ ಎಂಆರ್‌ಐ ಇದೇ. ಹರಿವನ್ನು ನೋಡಲು 1980ರ ದಶಕದ ಕೊನೆಗೆ ಚಿತ್ರದಲ್ಲಿ ರಕ್ತವನ್ನು ಎದ್ದು ಕಾಣಿಸುವ ಗ್ಯಾಡೊಲಿನಿಯಂ ಔಷಧ ಚುಚ್ಚುವ ಕ್ರಮ ಬಂತು. 1992ರಲ್ಲಿ ಜಾನ್ ಡೆಟ್ರೆ ಮತ್ತು ಸಂಗಡಿಗರು ಚುಚ್ಚುಮದ್ದೇ ಬೇಡವೆಂದರು. ಕುತ್ತಿಗೆಯಲ್ಲಿ ಮೇಲೇರುತ್ತಿರುವ ರಕ್ತದೊಳಗಿನ ನೀರಿಗೇ ರೇಡಿಯೊ ಅಲೆಗಳಿಂದ ಗುರುತು ಹಾಕಿ, ಅದು ಮಿದುಳನ್ನು ಸೇರಿದ ಮೇಲೆ ಒಂದು ಚಿತ್ರ, ಗುರುತಿಲ್ಲದೆ ಇನ್ನೊಂದು ಚಿತ್ರ ತೆಗೆದು, ಒಂದರಿಂದ ಇನ್ನೊಂದನ್ನು ಕಳೆಯುವುದು. ಉಳಿಯುವುದು ಹರಿವಿನ ನಕ್ಷೆ. ಇದಕ್ಕೆ ಆರ್ಟೀರಿಯಲ್ ಸ್ಪಿನ್ ಲೇಬಲಿಂಗ್ ಎಂದು ಹೆಸರು, ಸ್ಕ್ಯಾನಿಂಗ್ ರೂಮಿನವರ ಬಾಯಲ್ಲಿ ಎಎಸ್‌ಎಲ್.

ವಿ.ಸಿ. ನಾಲೆಯ ತೂಬಿನಲ್ಲೇ ನೀರಿಗೆ ಬಣ್ಣ ಕಲಸಿ, ಯಾವ ಗದ್ದೆಗೆ ಎಷ್ಟು ಬಣ್ಣ ಮುಟ್ಟಿತೆಂದು ನೋಡಿದ ಹಾಗೆ ಇದು. ತೊಂದರೆಯೆಂದರೆ ಬಣ್ಣ ಬೇಗ ಮಾಸುತ್ತದೆ. 3 ಟೆಸ್ಲಾ ಅಯಸ್ಕಾಂತ ಬಲದ ಯಂತ್ರದಲ್ಲಿ ರಕ್ತಕ್ಕೆ ಹಾಕಿದ ಗುರುತು ಎರಡು ಸೆಕೆಂಡಿನೊಳಗೇ ಬಹುಪಾಲು ಕರಗಿಹೋಗುತ್ತದೆ. ಎರಡು ಚಿತ್ರಗಳ ನಡುವೆ ಸಿಗುವ ವ್ಯತ್ಯಾಸ ನೂರಕ್ಕೆ ಒಂದರಷ್ಟು. ಹಾಗಾಗಿ ನಾಲ್ಕೈದು ನಿಮಿಷ ಮತ್ತೆ ಮತ್ತೆ ತೆಗೆದು ಸರಾಸರಿ ಮಾಡುತ್ತಾರೆ. ರೋಗಿ ತಲೆ ಅಲ್ಲಾಡಿಸಿದರೆ ಕೆಟ್ಟಿತು. ವಯಸ್ಸಾದವರಲ್ಲಿ, ನಾಳ ಕಿರಿದಾದವರಲ್ಲಿ ಬಣ್ಣ ಕೊನೆಯ ಗದ್ದೆ ಮುಟ್ಟುವ ಮೊದಲೇ ಮಾಸಿ, ಇರುವ ಹರಿವೂ ಇಲ್ಲವೆಂಬಂತೆ ಕಾಣುತ್ತದೆ. ಹೀಗೆ ಎರಡು ದಶಕ ಇದು ಹೆಚ್ಚಾಗಿ ಸಂಶೋಧಕರ ಕೈಯಲ್ಲೇ ಉಳಿಯಿತು. ಅಳತೆ ಹೇಗಿರಬೇಕೆಂದು ಪರಿಣತರು ಒಮ್ಮತದ ಸೂಚನೆ ಹೊರಡಿಸಿದ್ದು 2015ರ ಹೊತ್ತಿಗೆ.

ಮೂರ್ಛೆಯಲ್ಲಿ ಇದರ ಉಪಯೋಗ 2001ರಲ್ಲೇ ಕಂಡಿತ್ತು: ಟೆಂಪೊರಲ್ ಲೋಬ್ ಮೂರ್ಛೆಯವರಲ್ಲಿ ಫಿಟ್ಸ್ ಇಲ್ಲದ ಹೊತ್ತಿನಲ್ಲೂ ರೋಗ ಹಿಡಿದ ಪಕ್ಕಕ್ಕೆ ಹರಿವು ಕಡಿಮೆಯೆಂದು ಡೆಟ್ರೆ ಅವರ ಬಳಗವೇ ತೋರಿಸಿತು. ನನಗೆ ಹೆಚ್ಚು ಮುಖ್ಯವೆನಿಸುವುದು ಕೆನಡಾದ ಕ್ಯಾಲ್ಗರಿಯ ಕೆಲಸ. 2016ರಲ್ಲಿ ಅಲ್ಲಿನವರು, ಫಿಟ್ಸ್ ನಿಂತ ಮೇಲೆ ಆ ಜಾಗದಲ್ಲಿ ರಕ್ತವೂ ಆಮ್ಲಜನಕವೂ ಒಂದು ಗಂಟೆಗೂ ಮೀರಿ ಕುಸಿದಿರುತ್ತವೆ ಎಂದು ಪ್ರಾಣಿಗಳಲ್ಲಿ ತೋರಿಸಿದರು. ಮರುವರ್ಷ 21 ರೋಗಿಗಳನ್ನು ಫಿಟ್ಸ್ ಆದ 90 ನಿಮಿಷದೊಳಗೆ ಎಂಆರ್‌ಐಗೆ ಮಲಗಿಸಿ ಎಎಸ್‌ಎಲ್ ತೆಗೆದರು; ಅವರದೇ ಬೇರೆ ದಿನದ ಚಿತ್ರದ ಜೊತೆ ಹೋಲಿಸಿದಾಗ 15 ಜನರಲ್ಲಿ ಕುಸಿತ ಸ್ಪಷ್ಟವಾಗಿ ಕಂಡಿತು. ಇನ್ನು ಸಿರಿಂಜ್ ಹಿಡಿದು ಕಾಯಬೇಕಿಲ್ಲ. ಆದರೆ ಗಡಿಯಾರ ಬಿಟ್ಟುಹೋಗಿಲ್ಲ. ಸೆಕೆಂಡುಗಳ ಜಾಗಕ್ಕೆ ನಿಮಿಷಗಳು ಬಂದಿವೆ.

ಈಗ ನಮ್ಮ ರಸ್ತೆಗಳ ಲೆಕ್ಕಕ್ಕೆ ಬನ್ನಿ. ಮಂಡ್ಯದಿಂದ ಮೈಸೂರಿಗೆ 45 ಕಿಲೋಮೀಟರ್ ಆಸುಪಾಸು. ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಯಿಂದ, ಕೆ.ಆರ್. ಪೇಟೆಯ ಒಳಹಳ್ಳಿಯಿಂದ ದೂರ ಇನ್ನೂ ಹೆಚ್ಚು. ಬೆಳಿಗ್ಗೆ ಫಿಟ್ಸ್ ಆದ ಹುಡುಗ ಆಟೊ, ಬಸ್ಸು, ಹೊರರೋಗಿ ಚೀಟಿಯ ಸಾಲು, ಸ್ಕ್ಯಾನಿಂಗ್ ಸರದಿ ಎಲ್ಲ ದಾಟಿ ಯಂತ್ರದೊಳಗೆ ಮಲಗುವ ಹೊತ್ತಿಗೆ 90 ನಿಮಿಷ ಎಂದೋ ಮುಗಿದಿರುತ್ತದೆ. ಆಸ್ಪತ್ರೆಯಲ್ಲಿ ದಾಖಲಾಗಿ ವಿಡಿಯೊ ಇಇಜಿಯಲ್ಲಿ ಇರುವವರಿಗೆ ಮಾತ್ರ ಕ್ಯಾಲ್ಗರಿಯ ದಾರಿ ತೆರೆದಿದೆ. ಆ ಕಷ್ಟ ಎಲ್ಲರೂ ಪಡಬೇಕಾದ್ದೂ ಅಲ್ಲ. ಮೂರ್ಛೆ ರೋಗಿಗಳಲ್ಲಿ ಮೂರನೇ ಎರಡರಷ್ಟು ಜನರಿಗೆ ಮಾತ್ರೆಯಲ್ಲೇ ಫಿಟ್ಸ್ ಹತೋಟಿಗೆ ಬರುತ್ತದೆ. ಸರಿಯಾಗಿ ಆರಿಸಿದ ಎರಡು ಔಷಧ ಸರಿಯಾಗಿ ನುಂಗಿದರೂ ನಿಲ್ಲದವರಿಗೆ ಆಪರೇಷನ್ನಿನ ಯೋಚನೆ, ಆಗ ಜಾಗದ ಪ್ರಶ್ನೆ. ಟೆಂಪೊರಲ್ ಲೋಬ್ ಮೂರ್ಛೆಗೆ ಆಪರೇಷನ್ ಆದವರಲ್ಲಿ 58 ಪ್ರತಿಶತ, ಮಾತ್ರೆಯಲ್ಲೇ ಮುಂದುವರಿದವರಲ್ಲಿ 8 ಪ್ರತಿಶತ ಒಂದು ವರ್ಷದ ಕೊನೆಗೆ ಪ್ರಜ್ಞೆ ತಪ್ಪಿಸುವ ಫಿಟ್ಸ್‌ನಿಂದ ಮುಕ್ತರಾಗಿದ್ದರು ಎಂದು 2001ರ ಕೆನಡಾದ ಅಧ್ಯಯನವೊಂದು ಹೇಳಿತು. ಸಾಮಾನ್ಯ ಎಂಆರ್‌ಐನಲ್ಲಿ ಏನೂ ಕಾಣದವರ ಪಾಲಿಗೆ ಹರಿವಿನ ನಕ್ಷೆ ಒಂದು ಹೆಚ್ಚಿನ ಸಾಕ್ಷಿ. ಅದೊಂದನ್ನೇ ನಂಬಿ ತಲೆಬುರುಡೆ ತೆರೆಯುವುದಿಲ್ಲ. ಇಇಜಿ, ಫಿಟ್ಸ್‌ನ ಲಕ್ಷಣ, ರಚನೆಯ ಚಿತ್ರ ಎಲ್ಲ ಒಂದೇ ಕಡೆ ಬೆರಳು ತೋರಿಸಬೇಕು.

ನಮ್ಮ ಕಡೆ ಇದರ ದೊಡ್ಡ ಉಪಯೋಗ ಎಮರ್ಜೆನ್ಸಿ ವಾರ್ಡಿನಲ್ಲಿ ಎಂಬುದು ನನ್ನ ಅನಿಸಿಕೆ. ಒಂದು ಪಕ್ಕ ಕೈಕಾಲು ಬಿದ್ದ ಸ್ಥಿತಿಯಲ್ಲಿ ಒಬ್ಬರನ್ನು ಕರೆತರುತ್ತಾರೆ. ಮಿದುಳಿನ ರಕ್ತನಾಳ ಮುಚ್ಚಿ ಆದ ಲಕ್ವವೋ, ಫಿಟ್ಸ್ ಆದ ಮೇಲೆ ಕೆಲ ಗಂಟೆ ಉಳಿಯುವ ಟಾಡ್ಸ್ ಪಾರ್ಶ್ವವಾಯುವೋ? ಮೊದಲನೆಯದಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ತುರ್ತಾಗಿ ಬೇಕಾಗಬಹುದು, ಎರಡನೆಯದಕ್ಕೆ ಅದು ಬೇಡ. ಲಕ್ವದಲ್ಲಿ ಹರಿವಿನ ಕೊರತೆ ಮುಚ್ಚಿದ ಅಪಧಮನಿಯ ಪ್ರದೇಶಕ್ಕೆ ಹೊಂದಿಕೊಂಡಿರುತ್ತದೆ. ಫಿಟ್ಸ್ ನಂತರದ ಕೊರತೆ ಆ ಗಡಿಗಳನ್ನು ಲೆಕ್ಕಕ್ಕಿಡದೆ ಹರಡಿರಬಹುದು. ಕೈಕಾಲು ಅದುರದೆ ಒಳಗೊಳಗೇ ಫಿಟ್ಸ್ ಮುಂದುವರಿದಿರುವ ರೋಗಿಯಲ್ಲಿ ಅದೇ ಜಾಗ ಹೊಳೆಯುತ್ತದೆ.

ಎಎಸ್‌ಎಲ್‌ಗೆ ಹೊಸ ಯಂತ್ರವೇ ಬೇಕೆಂದಿಲ್ಲ. ಈಚಿನ ಎಂಆರ್‌ಐ ಯಂತ್ರಗಳಲ್ಲಿ ಅದೊಂದು ಸಾಫ್ಟ್‌ವೇರ್. ಆದರೆ ಕಳಿಸುವ ಡಾಕ್ಟರು ಚೀಟಿಯಲ್ಲಿ ಬರಿಯ ‘ಫಿಟ್ಸ್’ ಎಂದು ಬರೆದರೆ ಸಾಲದು. ಕೊನೆಯ ಫಿಟ್ಸ್ ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಹೊತ್ತು, ಯಾವ ಕೈಯಿಂದ ಶುರುವಾಯಿತು ಎಂಬುದೂ ಇರಬೇಕು. ಇದನ್ನು ಹೇಳಬಲ್ಲವರು ಕಂಡ ಮನೆಯವರು. ಮೊಬೈಲಿನಲ್ಲಿ ತೆಗೆದ ವಿಡಿಯೊ ಇದ್ದರೆ ಇನ್ನೂ ಒಳ್ಳೆಯದು, ಅದರಲ್ಲಿ ಸಮಯ ತಾನೇ ದಾಖಲಾಗಿರುತ್ತದೆ. ರಕ್ತಹೀನತೆ ಇದ್ದರೆ ಅದನ್ನೂ ತಿಳಿಸಬೇಕು, ಅದರಿಂದ ಹರಿವಿನ ಅಳತೆ ಏರಿ ಕಾಣುತ್ತದೆ. ಹಾಗೆಯೇ ಸ್ಕ್ಯಾನಿಗೆ ಮುಂಚೆ ಆಸ್ಪತ್ರೆಯೆದುರಿನ ಹೋಟೆಲಿನಲ್ಲಿ ಫಿಲ್ಟರ್ ಕಾಫಿ ಕುಡಿದಿದ್ದರೆ, ಅದೂ ಲೆಕ್ಕಕ್ಕೆ ಬರುತ್ತದೆ: ಕೆಫೀನ್ ಇಡೀ ಮಿದುಳಿನ ರಕ್ತದ ಹರಿವನ್ನು ಇಳಿಸುತ್ತದೆ.