ಡಿಶ್ ಎಲ್ಲಿಡಬೇಕು ಅಂತ ಮಾರ್ಚ್ ತಿಂಗಳ ಬಿಸಿಲನ್ನು ಕೇಳಿ

ಕೊಡಗಿನಲ್ಲಿ ಹಂಚಿನ ಮಾಡಿನ ತುದಿಯಲ್ಲಿ, ನೀರಿನ ಟ್ಯಾಂಕಿನ ನೆತ್ತಿಯಲ್ಲಿ ಟಿವಿ ಡಿಶ್ ಕೂರಿಸಿರುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಜೂನ್ ತಿಂಗಳಲ್ಲಿ ಪಾಚಿ ಹಿಡಿದ ಹಂಚಿನ ಮೇಲೆ ಯಾರೋ ಹತ್ತಿ ಅದನ್ನು ತಿರುಗಿಸಬೇಕು. ಕಾಲು ಜಾರಿದರೆ ಗತಿ ಏನು? ಡಿಶ್ ಅಷ್ಟು ಎತ್ತರದಲ್ಲಿ ಇರಬೇಕಾದ ಅಗತ್ಯವೇ ಇಲ್ಲ.

ಎತ್ತರದ ನಂಬಿಕೆ ಬಂದಿದ್ದು ಹಳೇ ಕಾಲದ ಅಡ್ಡಕಡ್ಡಿಗಳ ಆಂಟೆನಾದಿಂದ. ಅದನ್ನು ಜಪಾನಿನ ಶಿಂತಾರೊ ಉದಾ ಮತ್ತು ಹಿದೆತ್ಸುಗು ಯಾಗಿ 1926ರಲ್ಲಿ ಲೋಕಕ್ಕೆ ತೋರಿಸಿದರು. ಆಗ ಸಿಗ್ನಲ್ ಬರುತ್ತಿದ್ದದ್ದು ನೆಲದ ಮೇಲಿನ ಟವರಿನಿಂದ. ನಮ್ಮಲ್ಲಿ ಎಲ್ಲಿ ನಿಂತರೂ ಮುಂದೊಂದು ಬೆಟ್ಟ, ಹಾಗಾಗಿ ಆಂಟೆನಾ ಏರಿಸಿದಷ್ಟೂ ಲಾಭವಿತ್ತು. ಆ ಅನಲಾಗ್ ಟವರುಗಳನ್ನು ದೂರದರ್ಶನ ಬಹುಪಾಲು ಮುಚ್ಚಿದೆ. ಈಗ ದೂರದರ್ಶನದ ಉಚಿತ ಡಿಶ್ ಸೇವೆಯಾದ ಡಿಡಿ ಫ್ರೀ ಡಿಶ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ. 2015ರ ನವೆಂಬರಿನಲ್ಲಿ ಹಾರಿಸಿದ ಉಪಗ್ರಹ ಅದು. ಇಸ್ರೋದ ಇಂಥ ಉಪಗ್ರಹಗಳನ್ನು ನೋಡಿಕೊಳ್ಳುವ ಕೇಂದ್ರ ನಮ್ಮ ಪಕ್ಕದ ಹಾಸನದಲ್ಲೇ ಇದೆ! ಭೂಮಧ್ಯರೇಖೆಯ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಅಂದರೆ ಸುಮಾತ್ರಾ ದ್ವೀಪದ ಪಶ್ಚಿಮಕ್ಕಿರುವ ಸಮುದ್ರದ ನೆತ್ತಿಯಲ್ಲಿ ಜಿಸ್ಯಾಟ್-15 ನಿಂತಿದೆ. ದೂರ ಸುಮಾರು 36,000 ಕಿಲೋಮೀಟರ್. ಇಷ್ಟು ದೂರದಲ್ಲಿ ನೀವು 20 ಅಡಿ ಮೇಲೆ ಹೋದರೆ ಸಿಗುವುದು ಏನೂ ಇಲ್ಲ ಅಲ್ವಾ?

ಬೇಕಾಗಿರುವುದು ಆಕಾಶದಲ್ಲಿ ಒಂದು ಕಿಂಡಿ. ಮಡಿಕೇರಿಯಿಂದ ಲೆಕ್ಕ ಹಾಕಿದರೆ ಆ ಕಿಂಡಿ ಆಗ್ನೇಯ ದಿಕ್ಕಿನಲ್ಲಿದೆ. ದಿಕ್ಸೂಚಿಯಲ್ಲಿ ಉತ್ತರದಿಂದ 124 ಡಿಗ್ರಿ, ನೆಲದಿಂದ ಮೇಲಕ್ಕೆ ಸುಮಾರು 65 ಡಿಗ್ರಿ. ವಿರಾಜಪೇಟೆಗೂ ಸೋಮವಾರಪೇಟೆಗೂ ಹೆಚ್ಚೇನೂ ವ್ಯತ್ಯಾಸ ಬರುವುದಿಲ್ಲ. ಬೇರೆ ಕಂಪನಿಯ ಡಿಶ್ ಆದರೆ ಲೆಕ್ಕವೂ ಬೇರೆ. ಟಾಟಾ ಪ್ಲೇ ಉಪಗ್ರಹ 83 ಡಿಗ್ರಿಯಲ್ಲಿರುವುದರಿಂದ ಅದು ಇನ್ನೂ ದಕ್ಷಿಣಕ್ಕೆ, ಇನ್ನೂ ಮೇಲಕ್ಕೆ ಇರುತ್ತದೆ. ವಾಸ್ತು ನೋಡಿ ಡಿಶ್ಶಿನ ಮುಖ ಬದಲಾಯಿಸಿ ಅನ್ನುವವರ ಮಾತು ದಯವಿಟ್ಟು ಕೇಳಬೇಡಿ. ಉಪಗ್ರಹ ಇರುವ ಕಡೆಗೆ ತಿರುಗದ ಡಿಶ್ಶಿನಿಂದ ಟಿವಿ ಬರುವುದಿಲ್ಲ.

ನಮ್ಮಲ್ಲಿ ದೊಡ್ಡ ತೊಡಕು ಮರ. ಕಾಫಿಗೆ ನೆರಳು ಬೇಕು, ಡಿಶ್ಶಿಗೆ ನೆರಳು ಆಗದು. ಒದ್ದೆ ಎಲೆಯಲ್ಲಿ ಸಿಗ್ನಲ್ ಹೀರಿಹೋಗುತ್ತದೆ. 65 ಡಿಗ್ರಿ ಅಂದರೆ ಸಾಕಷ್ಟು ಕಡಿದಾದ ಓರೆ, ಅದು ನಮ್ಮ ಅದೃಷ್ಟ. ಡಿಶ್ಶಿಗಿಂತ 70 ಅಡಿ ಎತ್ತರದ ಸಿಲ್ವರ್ ಓಕ್ ಇದ್ದರೂ ಅದರ ಬುಡದಿಂದ 33 ಅಡಿ ದೂರವಿದ್ದರೆ ಸಾಕು. ಮರದ ಅರ್ಧ ಎತ್ತರದಷ್ಟು ದೂರ ಅಂತ ನೆನಪಿಟ್ಟುಕೊಳ್ಳಿ, ಹರಡಿದ ಕೊಂಬೆಗೆ ಇನ್ನಷ್ಟು ಸೇರಿಸಿ.

ಇಲ್ಲೇ ಜನ ಎಡವುವುದು. ಡಿಶ್ಶಿನ ಮುಖ ಯಾವ ಕಡೆಗಿದೆಯೋ ಆ ಕಡೆಯ ಕೊಂಬೆ ಕಡಿಯುತ್ತಾರೆ, ಟಿವಿ ಮಾತ್ರ ಸರಿಯಾಗುವುದಿಲ್ಲ. ಮನೆಯ ಡಿಶ್ ಪೂರ್ತಿ ಬೋಗುಣಿಯಲ್ಲ, ದೊಡ್ಡ ಬೋಗುಣಿಯ ಒಂದು ಬದಿಯಿಂದ ಕತ್ತರಿಸಿದ ಚೂರಿನ ಹಾಗೆ. ಮುಂದೆ ಚಾಚಿಕೊಂಡಿರುವ, ಸಿಗ್ನಲ್ ಹಿಡಿಯುವ ಪುಟ್ಟ ಡಬ್ಬಿಯಾದ ಎಲ್‌ಎನ್‌ಬಿಯ ನೆರಳು ಡಿಶ್ಶಿನ ಮೇಲೆ ಬೀಳಬಾರದು ಅಂತ ಹಾಗೆ ಮಾಡಿದ್ದಾರೆ. ಅದರಿಂದಾಗಿ ಡಿಶ್ ನೋಡುವುದು ತನ್ನ ಮುಖದ ನೇರಕ್ಕಲ್ಲ, ಅದಕ್ಕಿಂತ ಸುಮಾರು 20ರಿಂದ 25 ಡಿಗ್ರಿ ಮೇಲಕ್ಕೆ. ಕಣ್ಣಿಗೆ 40 ಡಿಗ್ರಿಗೆ ವಾಲಿದ ಹಾಗೆ ಕಾಣುತ್ತದೆ, ಸಿಗ್ನಲ್ ಬರುತ್ತಿರುವುದು 65ರಿಂದ. ಎದುರಿನ ಪಾಪದ ಹಲಸಿನ ಕೊಂಬೆಯನ್ನು ಸುಮ್ನೆ ಕಡಿದಿರುತ್ತೀರಿ, ಅಡ್ಡ ಬಂದದ್ದು ಅದಕ್ಕೂ ಮೇಲಿನ ಕೊಂಬೆ.

ಹಾಗಾದರೆ ಕಿಂಡಿ ಹುಡುಕುವುದು ಹೇಗೆ? ನನಗೆ ಬಹಳ ಇಷ್ಟವಾದ ಸಂಗತಿ ಇದು: ವರ್ಷಕ್ಕೆ ಎರಡು ಸಲ ಸೂರ್ಯನೇ ಬಂದು ಆ ಉಪಗ್ರಹದ ಹಿಂದೆ ನಿಲ್ಲುತ್ತಾನೆ. ಕೊಡಗಿನಿಂದ ನೋಡಿದರೆ ಮಾರ್ಚ್ 15ರ ಆಸುಪಾಸು ಬೆಳಗ್ಗೆ ಸುಮಾರು 11.15ಕ್ಕೆ. ಮತ್ತೆ ಸೆಪ್ಟೆಂಬರ್ 28ರ ಆಸುಪಾಸು 11 ಗಂಟೆಗೆ ಸ್ವಲ್ಪ ಮುಂಚೆ, ಆದರೆ ಆಗ ನಮ್ಮಲ್ಲಿ ಮೋಡ ಜಾಸ್ತಿ. ಆ ದಿನಗಳಲ್ಲಿ ಟಿವಿ ಕೆಲವು ನಿಮಿಷ ತಡವರಿಸಬಹುದು, ಸೂರ್ಯನ ರೇಡಿಯೊ ಗದ್ದಲ ನೇರ ಡಿಶ್ಶಿನೊಳಗೆ ಬೀಳುತ್ತದೆ. ಕೆಟ್ಟುಹೋಯಿತು ಅಂತ ಯಾರನ್ನೂ ಕರೆಸಬೇಡಿ. ಅಂಗಳಕ್ಕೆ ಬನ್ನಿ. ಆ ಹೊತ್ತಿಗೆ ಬಿಸಿಲು ಬಿದ್ದಿರುವ ಜಾಗಕ್ಕೆಲ್ಲ ಉಪಗ್ರಹ ಕಾಣುತ್ತದೆ, ಮರದ ನೆರಳಿರುವ ಜಾಗಕ್ಕೆ ಕಾಣುವುದಿಲ್ಲ. ಗೂಟ ಹೊಡೆದು ಗುರುತು ಮಾಡಿಕೊಳ್ಳಿ. ಕೂರಿಸಿದ ಡಿಶ್ಶಿನ ಮೇಲೆ ನೆರಳು ಬಿದ್ದಿದ್ದರೆ, ಆ ನೆರಳು ಯಾವ ಕೊಂಬೆಯದೋ ಅದೇ ಕಳ್ಳ. ಮರಗಸಿಯ, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಸವರುವ ಹೊತ್ತಿಗೆ ಅದೊಂದನ್ನೇ ತೆಗೆಸಿದರಾಯಿತು.

ಕಾಫಿ ಒಣಗಿಸುವ ಕಣ ಇದ್ದವರಿಗಂತೂ ಹುಡುಕುವ ಕೆಲಸವೇ ಇಲ್ಲ. ಬಿಸಿಲಿಗೆಂದೇ ಮರ ತೆರವು ಮಾಡಿದ ಜಾಗ ಅದು. ಕಣದ ವಾಯವ್ಯದ ಅಂಚಿನಲ್ಲಿ, ಆಳೆತ್ತರದ ಕಬ್ಬಿಣದ ಪೈಪನ್ನು ಕಾಂಕ್ರೀಟಿನಲ್ಲಿ ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ, ಡಿಶ್ ಕಣದ ಮೇಲಿಂದ ಆಗ್ನೇಯಕ್ಕೆ ನೋಡಲಿ. ಪೈಪ್ ವಾಲಿದರೆ ಆಮೇಲಿನ ಲೆಕ್ಕವೆಲ್ಲ ತಪ್ಪುತ್ತದೆ.

ಇನ್ನು ಡಿಶ್ಶಿನ ಆಯ್ಕೆ. 1975-76ರಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದಿಂದ ದೇಶದ 2,400 ಹಳ್ಳಿಗಳಿಗೆ ಟಿವಿ ತೋರಿಸಿದರು. ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳೂ ಅದರಲ್ಲಿದ್ದವು. ಆಗಿನ ಡಿಶ್ 10 ಅಡಿ ಅಗಲ, ಕೋಳಿಗೂಡಿಗೆ ಹಾಕುವ ತಂತಿ ಬಲೆಯದ್ದು. ತೂತಿನ ಬಲೆ ನಡೆಯಿತು, ಯಾಕೆಂದರೆ ಆ ಅಲೆಯ ಉದ್ದ 35 ಸೆಂಟಿಮೀಟರ್. ಈಗಿನದ್ದು ಎರಡೂವರೆ ಸೆಂಟಿಮೀಟರ್. ನುಣುಪಾದ ತಗಡೇ ಬೇಕು, ನೆಗ್ಗಿದ ಡಿಶ್ ಬೇಡ.

ಮಂಜು ಬಿದ್ದಾಗ ಟಿವಿ ಹೋಗುತ್ತದೆ ಅನ್ನುವುದೂ ತಪ್ಪು ತಿಳಿವಳಿಕೆ. ಮಂಜಿನ ಹನಿ ಈ ಅಲೆಯ ಮುಂದೆ ತೀರಾ ಸಣ್ಣದು. ಹೀರಿಕೊಳ್ಳುವುದು, ಚದುರಿಸುವುದು ಮಿಲಿಮೀಟರ್ ಲೆಕ್ಕದ ಮಳೆ ಹನಿ. ಭಾಗಮಂಡಲ, ನಾಪೋಕ್ಲು ಕಡೆ ಮಳೆ ಸುರಿಯುವಾಗ 60 ಸೆಂಟಿಮೀಟರಿನ ಡಿಶ್ ಸೋಲುತ್ತದೆ. 90ರದ್ದು ಹಾಕಿದರೆ ಎರಡು ಪಟ್ಟಿಗಿಂತ ಜಾಸ್ತಿ ಸಿಗ್ನಲ್ ಸಿಗುತ್ತದೆ. ಅದರ ದೃಷ್ಟಿ ಇನ್ನೂ ಕಿರಿದು, ಆದ್ದರಿಂದ ಗುರಿ ಹಿಡಿಯಲು ತಾಳ್ಮೆ ಬೇಕು. ಡಿಜಿಟಲ್ ಚಿತ್ರ ಕೊನೆಯವರೆಗೂ ಚೆನ್ನಾಗಿದ್ದು ಒಮ್ಮೆಲೇ ನಿಲ್ಲುತ್ತದೆ, ಹಾಗಾಗಿ ಚಿತ್ರ ಬಂತು ಅಂತ ಬೋಲ್ಟ್ ಬಿಗಿಯಬೇಡಿ. ಸೆಟ್ ಟಾಪ್ ಬಾಕ್ಸಿನ ಮೆನುವಿನಲ್ಲಿ ಸ್ಟ್ರೆಂತ್ ಬಿಟ್ಟು ಕ್ವಾಲಿಟಿ ನೋಡುತ್ತಾ, ಅದು ಎಲ್ಲಿ ಅತಿ ಹೆಚ್ಚು ಬರುತ್ತದೋ ಅಲ್ಲಿ ಬಿಗಿಯಿರಿ. ಮಳೆಗಾಲಕ್ಕೆ ಮುಂಚೆ ಎಲ್‌ಎನ್‌ಬಿ ಹತ್ತಿರದ ಕೇಬಲ್ ಜೋಡಣೆಗೆ ನೀರು ಇಳಿಯದ ಹಾಗೆ ಟೇಪ್ ಸುತ್ತಿ.