ಫ್ಲಾಸ್ಕ್‌ನಲ್ಲಿ ಈಗ ಏನಿದೆ?

ಟೈಟ್ರೇಷನ್ (ಆಮ್ಲಕ್ಕೆ ಪ್ರತ್ಯಾಮ್ಲವನ್ನು ಹನಿಹನಿಯಾಗಿ ಬಿಟ್ಟು ಅಳೆಯುವ ವಿಧಾನ) ಲೆಕ್ಕ ಕೊಟ್ಟ ಕೂಡಲೇ ನಮ್ಮ ಪಿಯು ಮಕ್ಕಳು ಹುಡುಕುವುದು ಸೂತ್ರವನ್ನು. ಹೆಂಡರ್ಸನ್–ಹ್ಯಾಸೆಲ್‌ಬಾಲ್ಕ್ ಸಮೀಕರಣ (ಪಿಎಚ್ = ಪಿಕೆಎ + ಲಾಗ್ [ಲವಣ/ಆಮ್ಲ]) ಬಾಯಿಪಾಠ ಇರುತ್ತದೆ, ಲಾಗ್ ತೆಗೆಯಲೂ ಬರುತ್ತದೆ. ಆದರೂ ಉತ್ತರ ತಪ್ಪುತ್ತದೆ. ತರಗತಿಯಲ್ಲಿ ನಾನು ಪಟ್ಟು ಹಿಡಿದು ಹೇಳುವುದು ಒಂದೇ: ಪಿಎಚ್ ಮಾತು ಆಮೇಲೆ, ಮೊದಲು ಫ್ಲಾಸ್ಕ್‌ನಲ್ಲಿ ಈಗ ಏನೇನು ಉಳಿದಿದೆ ಅಂತ ಮಿಲಿಮೋಲ್‌ನಲ್ಲಿ ಬರೆಯಿರಿ.

ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲವನ್ನೇ ತೆಗೆದುಕೊಳ್ಳೋಣ. ಫ್ಲಾಸ್ಕ್‌ನಲ್ಲಿ 0.1 ಮೋಲಾರ್ (ಲೀಟರಿಗೆ 0.1 ಮೋಲ್) ಆಮ್ಲ 25 ಮಿ.ಲೀ., ಅಂದರೆ 2.5 ಮಿಲಿಮೋಲ್. ಬ್ಯೂರೆಟ್‌ನಲ್ಲಿ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್. ಮೊದಲ ಹನಿ ಬೀಳುವ ಮುನ್ನ ಇರುವುದು ಬರೀ ದುರ್ಬಲ ಆಮ್ಲ. ಅದರ ಅಯಾನೀಕರಣ ಸ್ಥಿರಾಂಕ 1.8 × 10⁻⁵, ಇದನ್ನು 0.1ರಿಂದ ಗುಣಿಸಿ ವರ್ಗಮೂಲ ತೆಗೆದರೆ ಹೈಡ್ರೋಜನ್ ಅಯಾನಿನ ಸಾರತೆ 1.34 × 10⁻³, ಪಿಎಚ್ 2.87. ಇಷ್ಟೇ ಸಾರತೆಯ ಹೈಡ್ರೋಕ್ಲೋರಿಕ್ ಆಮ್ಲವಾಗಿದ್ದರೆ ಪಿಎಚ್ ನೇರ 1.

12.5 ಮಿ.ಲೀ. ಬಿಟ್ಟಾಗ ಅರ್ಧ ಆಮ್ಲ ಅಸಿಟೇಟ್ ಆಗಿರುತ್ತದೆ. ಎರಡೂ ಸಮ, ಅನುಪಾತ 1, ಲಾಗ್ ಸೊನ್ನೆ. ಪಿಎಚ್ 4.74, ಅದೇ ಆಮ್ಲದ ಪಿಕೆಎ, ಅಂದರೆ ಅಯಾನೀಕರಣ ಸ್ಥಿರಾಂಕದ ಋಣ ಲಾಗ್. ಗುರುತು ಗೊತ್ತಿಲ್ಲದ ದುರ್ಬಲ ಆಮ್ಲದ ಪಿಕೆಎ ಅಳೆಯಲೂ ಇದೇ ದಾರಿ.

ಇನ್ನು 25 ಮಿ.ಲೀ. "ಆಮ್ಲ, ಪ್ರತ್ಯಾಮ್ಲ ಸರಿಸಮ ಆದ್ಮೇಲೆ ಪಿಎಚ್ 7 ತಾನೇ ಸಾರ್?" ಎಂದು ಪ್ರತಿ ವರ್ಷವೂ ಯಾರಾದರೂ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಮತ್ತೆ ಫ್ಲಾಸ್ಕ್ ನೋಡಿ: ಆಮ್ಲವೆಲ್ಲ ಮುಗಿದಿದೆ, 50 ಮಿ.ಲೀ. ದ್ರಾವಣದಲ್ಲಿ 2.5 ಮಿಲಿಮೋಲ್ ಸೋಡಿಯಂ ಅಸಿಟೇಟ್ ಇದೆ, ಅಂದರೆ 0.05 ಮೋಲಾರ್. 25 ಮಿ.ಲೀ. ಈಗ 50 ಆಗಿರುವುದನ್ನು ಮರೆಯುವವರೇ ಹೆಚ್ಚು. ಅಸಿಟೇಟ್ ಅಯಾನು ನೀರಿನಿಂದ ಪ್ರೋಟಾನ್ ಕಿತ್ತುಕೊಂಡು ಹೈಡ್ರಾಕ್ಸೈಡ್ ಉಳಿಸುತ್ತದೆ. ಲೆಕ್ಕ ಹಾಕಿದರೆ ಪಿಎಚ್ 8.72. ಪ್ರಬಲ ಆಮ್ಲಕ್ಕೆ ಪ್ರಬಲ ಪ್ರತ್ಯಾಮ್ಲ ಸೇರಿದಾಗ ಮಾತ್ರ 7ರ ನಿರೀಕ್ಷೆ ಸರಿ.

ಬಣ್ಣ ಬದಲಿಸಿ ಟೈಟ್ರೇಷನ್ ಮುಗಿದದ್ದನ್ನು ತೋರಿಸುವ ಸೂಚಕದ ಆಯ್ಕೆ ನಿಂತಿರುವುದೂ ಇದರ ಮೇಲೆಯೇ. 24.9 ಮಿ.ಲೀ.ನಲ್ಲಿ ಪಿಎಚ್ 7.14 ಇದ್ದದ್ದು 25.1ಕ್ಕೆ 10.30 ಆಗುತ್ತದೆ, ನಾಲ್ಕೇ ಹನಿಯಲ್ಲಿ ಇಷ್ಟು ಜಿಗಿತ. ಸುಮಾರು 8.3ರಿಂದ 10ರ ನಡುವೆ ಬಣ್ಣ ಬದಲಿಸುವ ಫೀನಾಲ್ಫ್ಥಲೀನ್ ಈ ಜಿಗಿತದೊಳಗೇ ಬರುತ್ತದೆ, ಹಾಗಾಗಿ ಒಂದೇ ಹನಿಗೆ ತಿಳಿಗುಲಾಬಿ. ಮೀಥೈಲ್ ಆರೆಂಜ್ ಹಾಕಿದರೆ? ಅದು ಬದಲಾಗುವುದು 3.1ರಿಂದ 4.4ರೊಳಗೆ. ಮೊದಲ ಮಿ.ಲೀ. ಮುಗಿಯುವ ಮುನ್ನವೇ ಬಣ್ಣ ತಿರುಗತೊಡಗಿ, ಸುಮಾರು 8 ಮಿ.ಲೀ. ಹೊತ್ತಿಗೆ ಪೂರಾ ಹಳದಿ. ಸುಮಾರು ಮೂರನೇ ಎರಡು ಪಾಲು ಟೈಟ್ರೇಷನ್ ಬದಲಾಗದ ಹಳದಿಯಲ್ಲೇ ಕಳೆಯುತ್ತದೆ, ಅಂತ್ಯಬಿಂದು ಎಲ್ಲೂ ಸಿಗುವುದಿಲ್ಲ.

ಇಷ್ಟು ಲೆಕ್ಕವೂ ಬ್ಯೂರೆಟ್‌ನಲ್ಲಿರುವುದು ನಿಜಕ್ಕೂ 0.1 ಮೋಲಾರ್ ಎಂಬ ನಂಬಿಕೆಯ ಮೇಲಿದೆ. ಸೋಡಿಯಂ ಹೈಡ್ರಾಕ್ಸೈಡ್ ಗಾಳಿಯ ತೇವವನ್ನೂ ಕಾರ್ಬನ್ ಡೈಆಕ್ಸೈಡನ್ನೂ ಹೀರುತ್ತದೆ, ತೂಕವನ್ನು ನಂಬುವಂತಿಲ್ಲ. ಆದ್ದರಿಂದ 1.575 ಗ್ರಾಂ ಆಕ್ಸಾಲಿಕ್ ಆಮ್ಲದ ಹರಳನ್ನು (ಡೈಹೈಡ್ರೇಟ್) 250 ಮಿ.ಲೀ.ಗೆ ಕರಗಿಸಿ 0.05 ಮೋಲಾರ್ ದ್ರಾವಣ ಮಾಡಿಕೊಂಡು, ಮೊದಲು ಅದರೆದುರು ಟೈಟ್ರೇಟ್ ಮಾಡಿ. ಆಕ್ಸಾಲಿಕ್ ಆಮ್ಲದ ಒಂದು ಮೋಲ್‌ಗೆ ಎರಡು ಮೋಲ್ ಸೋಡಿಯಂ ಹೈಡ್ರಾಕ್ಸೈಡ್ ಬೇಕು. ಲೆಕ್ಕದಲ್ಲಿ ಆ 2ನ್ನು ಮರೆತರೆ ಮುಂದೆ ಬರುವ ಸಾರತೆಯ ಉತ್ತರಗಳೆಲ್ಲ ಅರ್ಧಕ್ಕೆ ಇಳಿಯುತ್ತವೆ.